ನಾಲ್ಕು ಟ್ಯೂಬ್, ಏಳು ಡಿಸ್ಕ್: ಕೊಲಿಸ್ಟಿನ್ ಪರೀಕ್ಷೆಯಲ್ಲಿ ನನ್ನ ಅನುಭವ

ಬ್ಯಾಕ್ಟೀರಿಯಾದ ಮೇಲೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆಯೇ ಎಂದು ನೋಡಲು ಅದರ ಡಿಸ್ಕನ್ನು (ಔಷಧ ಹೀರಿಸಿದ ಕಾಗದದ ಬಿಲ್ಲೆ) ಅಗಾರ್ ಜೆಲ್ಲಿಯ ಪ್ಲೇಟ್ ಮೇಲಿಟ್ಟು ಝೋನ್ (ಸುತ್ತ ಬೆಳವಣಿಗೆಯಿಲ್ಲದ ವಲಯ) ಅಳೆಯುವುದನ್ನು ಪೂರ್ತಿ ಕೈಬಿಟ್ಟಿದ್ದೇನೆ. ಅಣು ದೊಡ್ಡದು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ರೆಸಿಸ್ಟೆಂಟ್ (ಔಷಧಕ್ಕೆ ಬಗ್ಗದ) ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಕೂಡ ಒಳ್ಳೆಯ ಝೋನ್ ತೋರಿಸಿಬಿಡುತ್ತದೆ. ಔಷಧದ ಪ್ರಮಾಣ ಏರುತ್ತಾ ಹೋಗುವ ಸ್ಟ್ರಿಪ್‌ಗೂ ಇದೇ ತೊಂದರೆ, ಮೇಲೆ ದುಬಾರಿ. ಮೈಕ್ರೊಡೈಲ್ಯೂಶನ್ (ಪುಟ್ಟ ಗುಳಿಗಳಲ್ಲಿ ಔಷಧವನ್ನು ಹಂತಹಂತವಾಗಿ ತೆಳುಮಾಡಿ ನೋಡುವುದು) ಸರಿಯಾದ ದಾರಿಯೇ, ಆದರೆ ವಾರಕ್ಕೆ ಎರಡು-ಮೂರು ಐಸೊಲೇಟ್ (ರೋಗಿಯ ಮಾದರಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ) ಬರುವ ಲ್ಯಾಬಿಗೆ ಅದು ಹೊರೆ. ಹಾಗಾಗಿ ಬ್ರಾತ್ ಡಿಸ್ಕ್ ಎಲ್ಯೂಶನ್ ಹಿಡಿದೆ: ಡಿಸ್ಕನ್ನು ಬ್ರಾತ್‌ನಲ್ಲಿ (ದ್ರವ ಆಹಾರದಲ್ಲಿ) ನೆನೆಸಿ ಔಷಧ ಬಿಡಿಸುವ ವಿಧಾನ. 'ಡಿಸ್ಕ್ ನೆನೆಸಿಟ್ಟರೆ ಎಂಐಸಿ ಸಿಗುತ್ತಾ?' ಎಂದವರೇ ಈಗ ಐಸೊಲೇಟ್ ಕಳಿಸುತ್ತಿದ್ದಾರೆ. (ಎಂಐಸಿ ಎಂದರೆ ಬೆಳವಣಿಗೆ ತಡೆಯುವ ಅತಿ ಕಡಿಮೆ ಔಷಧ ಪ್ರಮಾಣ.)

ನಾಲ್ಕು ಗಾಜಿನ ಸ್ಕ್ರೂಕ್ಯಾಪ್ ಟ್ಯೂಬ್, ತಲಾ 10 ಮಿ.ಲೀ. ಕ್ಯಾಟಯಾನ್ (ಕ್ಯಾಲ್ಸಿಯಂ, ಮೆಗ್ನೀಷಿಯಂ) ಹೊಂದಿಸಿದ ಮ್ಯೂಲರ್ ಹಿಂಟನ್ ಬ್ರಾತ್. 10 ಮೈಕ್ರೊಗ್ರಾಂ ಡಿಸ್ಕ್ ಕ್ರಮವಾಗಿ 0, 1, 2, 4. ಅಂದರೆ ಮಿ.ಲೀ.ಗೆ 0, 1, 2, 4 ಮೈಕ್ರೊಗ್ರಾಂ ಔಷಧ. ಕೋಣೆಯ ಉಷ್ಣತೆಯಲ್ಲಿ ಕನಿಷ್ಠ ಅರ್ಧ ಗಂಟೆ. ಆಮೇಲೆ 0.5 ಮ್ಯಾಕ್‌ಫಾರ್ಲೆಂಡ್ (ಮಬ್ಬಿನ ಅಳತೆ) ಬ್ಯಾಕ್ಟೀರಿಯಾ ಸಸ್ಪೆನ್ಶನ್ ತಲಾ 50 ಮೈಕ್ರೊಲೀಟರ್, ಕ್ಯಾಪ್ ಸ್ವಲ್ಪ ಸಡಿಲ, 35 ಡಿಗ್ರಿಯಲ್ಲಿ 16ರಿಂದ 20 ಗಂಟೆ.

ಕೆಡುವುದು ಎಲ್ಲಿ? ಮೊದಲನೆಯದು ಪ್ಲಾಸ್ಟಿಕ್ ಟ್ಯೂಬ್: ಕೊಲಿಸ್ಟಿನ್ ಅದಕ್ಕೆ ಅಂಟಿಕೊಂಡು ಬ್ರಾತ್‌ನಲ್ಲಿ ಕಡಿಮೆಯಾಗುತ್ತದೆ. ಎರಡನೆಯದು ಜೋರು ವೊರ್ಟೆಕ್ಸ್ (ಯಂತ್ರದಲ್ಲಿ ಅಲುಗಾಡಿಸುವುದು): ಔಷಧ ಕ್ಯಾಪಿಗೂ ಮೇಲಿನ ಗಾಜಿಗೂ ಹತ್ತುತ್ತದೆ. ನಿಧಾನ ವೇಗ ಸಾಕು. ಇನ್ನು ಬ್ರಾತ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆಯಿದ್ದರೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಎಂಐಸಿ ಸುಳ್ಳೇ ಇಳಿಯುತ್ತದೆ. ಅಗ್ಗದ ಬ್ರಾತ್‌ನ ಆಸೆಗೆ ಬೀಳಬೇಡಿ. ಡಿಸ್ಕ್ ಗೋಡೆಗಂಟದೆ ನೇರ ಮುಳುಗುವಂತೆ ಬಿಡಲು ನಮ್ಮದೇ ಒಂದು ಉಪಾಯವಿದೆ, ಅದು ಸದ್ಯ ನಮ್ಮ ಬೆಂಚಿನಲ್ಲೇ ಇರಲಿ.

ಓದುವಾಗ ನಾಲ್ಕು ಡಿಸ್ಕಿನ ಟ್ಯೂಬ್ ಮೋಸ ಮಾಡುತ್ತದೆ. ಕಾಗದದ ನಾರು ತೇಲಿ ಬೆಳವಣಿಗೆಯಂತೆ ಕಾಣುತ್ತದೆ. ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ: ನಾರು ಎಳೆಎಳೆಯಾಗಿ ಸುತ್ತಿ ತಳಕ್ಕಿಳಿಯುತ್ತದೆ, ಬೆಳವಣಿಗೆಯಾದರೆ ಇಡೀ ಬ್ರಾತ್ ಮಬ್ಬು. ಸಣ್ಣ ಮಬ್ಬೂ ಬೆಳವಣಿಗೆಯೇ. 2ರಲ್ಲಿ ತಿಳಿ, 4ರಲ್ಲಿ ಮಬ್ಬು ಬಂದರೆ ಪ್ಯೂರಿಟಿ ಪ್ಲೇಟ್ (ಬೇರೆ ಬ್ಯಾಕ್ಟೀರಿಯಾ ಬೆರೆತಿದೆಯೇ ಎಂದು ತಿಳಿಸುವುದು) ನೋಡಿ ಮತ್ತೆ ಮಾಡಿ. ಗುಣಮಟ್ಟ ತಪಾಸಣೆಗೆ ಜೊತೆಗಿಡುವ ಪ್ರಮಾಣಿತ ಸ್ಯೂಡೊಮೊನಾಸ್ ತಳಿ ಎಟಿಸಿಸಿ 27853, 4ರ ಟ್ಯೂಬ್‌ನಲ್ಲಿ ಬೆಳೆದರೆ ಆ ಬ್ಯಾಚಿನ ಒಂದು ವರದಿಯೂ ಹೊರಗೆ ಹೋಗಬಾರದು.

ಖರ್ಚು: ಐಸೊಲೇಟಿಗೆ ಏಳು ಡಿಸ್ಕ್, 40 ಮಿ.ಲೀ. ಬ್ರಾತ್. ಐವತ್ತರ ವಯಲ್‌ನಲ್ಲಿ ಏಳು ಐಸೊಲೇಟ್ ಮುಗಿದು ಒಂದು ಡಿಸ್ಕ್ ಉಳಿಯುತ್ತದೆ. ನಮಗೆ ಅಂದಾಜು ನೂರು ರೂಪಾಯಿ ಆಸುಪಾಸು ಬೀಳುತ್ತದೆ. ಇನ್ನೂ ಇಳಿಸಲು, ನೆನೆದ ಬ್ರಾತನ್ನು ಪುಟ್ಟ ಗಾಜಿನ ವಯಲ್‌ಗಳಿಗೆ 1 ಮಿ.ಲೀ. ಹಂಚಿ 5 ಮೈಕ್ರೊಲೀಟರ್ ಹಾಕಿ ನೋಡಿದೆ. ಒಂದು ಸೆಟ್‌ನಲ್ಲಿ ಎಂಟೊಂಬತ್ತು ಐಸೊಲೇಟ್ ಆಗುತ್ತವೆ. ಬಹುಪಾಲು ಹೊಂದಿಕೆಯಾಯಿತು, ಆದರೆ ಆ ಐದು ಮೈಕ್ರೊಲೀಟರ್ ಕೈಯಿಂದ ಕೈಗೆ ಬದಲಾಗುತ್ತದೆ. ವರದಿಗೆ ಬಳಸುತ್ತಿಲ್ಲ.

ಎಂಐಸಿ 2 ಅಥವಾ ಕಡಿಮೆ ಬಂದರೆ ಇಂಟರ್‌ಮೀಡಿಯೆಟ್ (ನಡುವಿನ ವರ್ಗ) ಎಂದೇ ಬರೆಯಿರಿ, ಲ್ಯಾಬ್ ಮಾನದಂಡ ರೂಪಿಸುವ ಸಿಎಲ್‌ಎಸ್‌ಐನಲ್ಲಿ ಈಗ ಸಸೆಪ್ಟಿಬಲ್ (ಔಷಧಕ್ಕೆ ಬಗ್ಗುವ) ವರ್ಗ ಇಲ್ಲ. ಪ್ರೋಟಿಯಸ್, ಸೆರೇಶಿಯಾಗಳಿಗೆ ಟ್ಯೂಬ್ ವ್ಯರ್ಥ, ಅವು ಹುಟ್ಟಾ ರೆಸಿಸ್ಟೆಂಟ್. ಅಸಿನೆಟೊಬ್ಯಾಕ್ಟರ್‌ಗೆ ಈ ವಿಧಾನ ನಂಬುವಂತಿಲ್ಲ. ಅದನ್ನು ಮೈಕ್ರೊಡೈಲ್ಯೂಶನ್ ಮಾಡುವ ಲ್ಯಾಬಿಗೇ ಕಳಿಸುತ್ತೇವೆ.