ಬಲಗಣ್ಣಿಗೆ ಕಂಡಿದ್ದು ಎಡಗಣ್ಣಿಗೆ ಕಾಣಲಿಲ್ಲ

2014ರ ಏಪ್ರಿಲ್‌ನಲ್ಲಿ ಒಂದು ಸಂಜೆ ಅಕ್ಕನ ಮಗ ನನ್ನ ಸ್ಟುಡಿಯೋಗೆ ಬಂದು ಮೊಬೈಲ್ ಮುಂದಿಟ್ಟ. "ಮಾಮ, ನೋಡಿ. ಮಂಗಳದಲ್ಲಿ ಯಾರೋ ದೀಪ ಹಚ್ಚಿದ್ದಾರೆ."

ಮಂಗಳದ ನೆಲದ ಮೇಲೆ ಓಡಾಡುವ ನಾಸಾದ ಕ್ಯೂರಿಯಾಸಿಟಿ ರೋವರ್ ಏಪ್ರಿಲ್ 3ರಂದು ತೆಗೆದ ಕಪ್ಪು-ಬಿಳುಪು ಫೋಟೋ ಅದು. ಹತ್ತಿರದಲ್ಲಿ ಕಲ್ಲು, ಮರಳು. ದೂರದಲ್ಲಿ ಕುಳಿಯ ಅಂಚು. ಅದರ ಮುಂದೆ, ನೆಲದಿಂದಲೇ ಎದ್ದ ಹಾಗೆ ಒಂದು ಬಿಳಿ ಬೆಳಕು. ಬುಡ ಸಪಾಟು. ಸುಳ್ಳು ಹೇಳಲ್ಲ, ನನಗೂ ಮೈ ಜುಂ ಅಂದಿತು.

ಆದರೆ ಫೋಟೋ ನನ್ನ ಕಸುಬು. ಮದುವೆ ಮನೆಯ ಚಿತ್ರದಲ್ಲಿ ಬಿಳಿ ಗೋಲಿ ತೇಲುವ ಹಾಗೆ ಕಂಡು, "ತೀರಿಹೋದ ಅಜ್ಜಿ ಬಂದಿದ್ದಾರೆ" ಅಂತ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಫ್ಲ್ಯಾಶ್ ಬೆಳಕಿಗೆ ಹೊಳೆದ ಧೂಳು ಅದು. ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದರ ಹಿಂದಿನ, ಮುಂದಿನ ಫೋಟೋ ಎಲ್ಲಿ?

ರೋವರ್ ಕಳಿಸುವ ಕಚ್ಚಾ ಚಿತ್ರಗಳನ್ನು ನಾಸಾ ಎಲ್ಲರಿಗೂ ತೆರೆದಿಟ್ಟಿದೆ. ಹುಡುಕುವುದು ಕಷ್ಟ ಅಲ್ಲ, ಫೈಲಿನ ಹೆಸರು ಓದಲು ಬಂದರೆ ಸಾಕು. ಆ ಕಾಲದ ಫೈಲುಗಳಲ್ಲಿ 'ಎನ್‌ಎಲ್‌ಬಿ' ಅಂದರೆ ನ್ಯಾವ್‌ಕ್ಯಾಮ್‌ನ (ರೋವರ್ ದಾರಿ ನೋಡಿಕೊಳ್ಳುವ ಜೋಡಿ ಕ್ಯಾಮೆರಾ) ಎಡಗಣ್ಣು, 'ಎನ್‌ಆರ್‌ಬಿ' ಅಂದರೆ ಬಲಗಣ್ಣು. ಅದರ ಪಕ್ಕದ ಒಂಬತ್ತು ಅಂಕಿ ರೋವರ್ ಗಡಿಯಾರದ ಸೆಕೆಂಡುಗಳು. ಹುಡುಗನ ಫೋಟೋ ಬಲಗಣ್ಣಿನದು. ಒಂದು ಸೆಕೆಂಡಿನೊಳಗೆ ತೆಗೆದ ಎಡಗಣ್ಣಿನ ಜೋಡಿ ಸಿಕ್ಕಿತು. ಎರಡನ್ನೂ ಪರದೆಯಲ್ಲಿ ಅಕ್ಕಪಕ್ಕ ಇಟ್ಟೆವು. ಅದೇ ಕಲ್ಲು, ಅದೇ ದಿಬ್ಬ. ಬೆಳಕು ಮಾತ್ರ ಇಲ್ಲ.

ಹುಡುಗ ಸುಮ್ಮನಾದ. ನಾನು ಹೇಳಿದೆ, "ಅಲ್ಲಿ ಬೆಂಕಿನೇ ಉರಿಯುತ್ತಿದ್ದರೆ ಎರಡು ಕಣ್ಣಿಗೂ ಕಾಣಬೇಕಿತ್ತು, ಅಲ್ವಾ?" ಅವನು ಒಪ್ಪಲಿಲ್ಲ. "ಹಿಂದಿನ ದಿನದ ಫೋಟೋದಲ್ಲೂ ಇದೆ ಮಾಮ" ಅಂತ ತೆಗೆದು ತೋರಿಸಿದ. ನಿಜ, ಏಪ್ರಿಲ್ 2ರ ಚಿತ್ರದಲ್ಲೂ ಇತ್ತು, ಚೌಕಟ್ಟಿನ ಬೇರೆ ಜಾಗದಲ್ಲಿ. ಅದೂ ಬಲಗಣ್ಣಿನದೇ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲಿನ ಕೆಟ್ಟ ಚುಕ್ಕೆಯಾಗಿದ್ದರೆ ಎರಡೂ ದಿನ ಒಂದೇ ಜಾಗದಲ್ಲಿ ಕೂತಿರಬೇಕಿತ್ತು. ಬಾಹ್ಯಾಕಾಶದಿಂದ ವೇಗವಾಗಿ ಬರುವ ಕಣ, ಅಂದರೆ ಕಾಸ್ಮಿಕ್ ಕಿರಣ, ಬಡಿದರೂ ಇಂಥ ಬಿಳಿ ಗುರುತು ಬೀಳುತ್ತದೆ. ಆದರೆ ಎರಡು ದಿನವೂ ಬೆಳಕು ಸೂರ್ಯನ ದಿಕ್ಕಿನಲ್ಲೇ, ನೆಲದ ಮಟ್ಟದಲ್ಲೇ ಕಂಡಿದ್ದು ಹೇಗೆ? ಅಲ್ಲಿಗೆ ಚರ್ಚೆ ನಿಜವಾಗಿ ಶುರುವಾಯಿತು.

ಆ ಕ್ಯಾಮೆರಾಗಳನ್ನು ನೋಡಿಕೊಳ್ಳುವ ನಾಸಾದ ಜಸ್ಟಿನ್ ಮಾಕಿ ಎರಡು ಸಾಧ್ಯತೆ ಮುಂದಿಟ್ಟರು. ಒಂದು, ಹೊಳಪಿನ ಕಲ್ಲಿನಿಂದ ಬಿಸಿಲು ಪ್ರತಿಫಲಿಸಿರಬೇಕು. ಆಗ ಸೂರ್ಯ ಪಶ್ಚಿಮ-ವಾಯವ್ಯದಲ್ಲಿ, ಬಾನಂಚಿಗೆ ಹತ್ತಿರ ಇದ್ದ. ಇನ್ನೊಂದು, ಕ್ಯಾಮೆರಾ ಡಬ್ಬಿಯ ಗಾಳಿ ಕಿಂಡಿಯಿಂದ ಬಿಸಿಲು ನೇರ ಸೆನ್ಸರ್ ಮೇಲೆ ಬಿದ್ದಿರಬೇಕು.

ಕೆಲವು ತಿಂಗಳ ನಂತರ ನಾನೇ ಎಡವಿದೆ. ಇನ್ನೊಂದು ಮಂಗಳದ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವಾಗ ಕಲ್ಲುಗಳ ನಡುವೆ ಮೂಲೆ ಕೊಯ್ದ ಹಾಗಿರುವ ಗೋಡೆ ಕಂಡಿತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಳತೆ ಮಾಡಿದೆ. ಪ್ರತಿ 'ಇಟ್ಟಿಗೆ'ಯೂ ಸರಿಯಾಗಿ ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರ. ಫೈಲು ಚಿಕ್ಕದಾಗಲಿ ಅಂತ ಜೆಪೆಗ್ ವಿಧಾನ ಚಿತ್ರವನ್ನು ಕುಗ್ಗಿಸುವುದೇ ಎಂಟೆಂಟರ ಚೌಕ ಮಾಡಿಕೊಂಡು. ಗೋಡೆ ಮಂಗಳದಲ್ಲಿ ಇರಲಿಲ್ಲ, ಫೈಲಿನಲ್ಲಿತ್ತು. ಅಂದಿನಿಂದ ಜಾಸ್ತಿ ಹಿಗ್ಗಿಸುವ ಮೊದಲು ಪಿಕ್ಸೆಲ್ ಎಣಿಸುತ್ತೇನೆ.

ಹಾಗಂತ ಬಿಳಿ ಚುಕ್ಕೆ ಅಂದಕೂಡಲೇ ತಳ್ಳಿಹಾಕುವವರ ಜೊತೆಗೂ ನಾನು ಜಗಳ ಆಡುತ್ತೇನೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಹೋದಾಗ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಮಂಕಾಗಿ ಕೂತಿದ್ದೆವು. ಅದೇ ತಿಂಗಳ 17ರಂದು ಚಂದ್ರನ ಸುತ್ತ ತಿರುಗುವ ನಾಸಾದ ಎಲ್‌ಆರ್‌ಒ ನೌಕೆ ಆ ಜಾಗದ ಫೋಟೋ ತೆಗೆಯಿತು. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 1.3 ಮೀಟರ್. ಬಿಸಿಲು ಎಷ್ಟು ಓರೆ ಅಂದರೆ ಎಲ್ಲೆಲ್ಲೂ ನೆರಳು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಹೋಲಿಸುತ್ತಾ ಕೂತು ಒಂದು ಚುಕ್ಕೆ ಹಿಡಿದರು. ಒಂದೇ ಒಂದು ಬಿಳಿ ಪಿಕ್ಸೆಲ್! ಬೇರೆ ಯಾರಾದರೂ ಸುಮ್ನೆ ದಾಟಿ ಹೋಗುತ್ತಿದ್ದರು. ಅವರು ನಾಸಾಕ್ಕೆ ಬರೆದರು. ಅಕ್ಟೋಬರ್, ನವೆಂಬರ್‌ನಲ್ಲಿ ಬಂದ ಸ್ಪಷ್ಟ ಚಿತ್ರಗಳ ಜೊತೆ ಇಟ್ಟು ನೋಡಿ, ಡಿಸೆಂಬರ್‌ನಲ್ಲಿ ನಾಸಾ ಅದು ವಿಕ್ರಮ್‌ನ ಚೂರು ಎಂದು ಒಪ್ಪಿಕೊಂಡಿತು. ಲ್ಯಾಂಡರ್ ಬಂದು ಬಡಿದ ಮುಖ್ಯ ಜಾಗದಿಂದ ಸುಮಾರು 750 ಮೀಟರ್ ವಾಯವ್ಯಕ್ಕಿತ್ತು ಅದು. ಸುದ್ದಿ ಓದಿ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಆ ದೀಪದ ವಿಷಯದಲ್ಲಿ ಮಾತ್ರ ನಾನೂ ಹುಡುಗನೂ ಇನ್ನೂ ಒಂದಾಗಿಲ್ಲ. ಅವನೀಗ ಕಲ್ಲಿನ ಪರ. ಸಂಜೆ ಬಿಸಿಲಿಗೆ ದೂರದ ಬಸ್ಸಿನ ಗಾಜು ಫಳ್ ಅನ್ನುತ್ತದಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಮಾಯ. ರೋವರ್‌ನ ಎರಡು ಕಣ್ಣುಗಳ ನಡುವೆ ಸುಮಾರು 42 ಸೆಂಟಿಮೀಟರ್ ಅಂತರ ಇದೆ, ಅಷ್ಟು ಸಾಕು ಅನ್ನುತ್ತಾನೆ. ಎರಡೂ ದಿನ ಬಲಗಣ್ಣಿಗೇ ಯಾಕೆ ಕಂಡಿತು ಅಂತ ನಾನು ಕೇಳುತ್ತೇನೆ. ನಾನು ಕಿಂಡಿಯ ಪರ. ಹೋದ ವಾರವೂ ಊಟ ಆದಮೇಲೆ ಎರಡು ಫೋಟೋ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆವು.