ಅರ್ಧ ಬಿಸಿಲಿನ ಬಾಲ್ಕನಿಯಲ್ಲಿ ಈರುಳ್ಳಿ

ನಮ್ಮ ಜಿಲ್ಲೆಯಲ್ಲೇ ಕಡೂರು, ಅಜ್ಜಂಪುರದ ಕಡೆ ಹೊಲದ ತುಂಬಾ ಈರುಳ್ಳಿ ಹಾಕುತ್ತಾರೆ. ಅದು ಬಯಲು ಸೀಮೆ, ಬಿಸಿಲಿಗೆ ಬರ ಇಲ್ಲ. ನಾವಿರುವುದು ಚಿಕ್ಕಮಗಳೂರು ಪೇಟೆಯಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆ. ದಕ್ಷಿಣಕ್ಕೊಂದು ಬಾಲ್ಕನಿ, ಅಷ್ಟೇ. ಇಂಥ ಜಾಗದಲ್ಲಿ ಈರುಳ್ಳಿ ಬರುತ್ತಾ ಅಂತ ಕೇಳುವವರು ಜಾಸ್ತಿ. ಬರುತ್ತೆ. ಆದರೆ ಗೆಡ್ಡೆ ಬೇಕೋ ಸೊಪ್ಪು ಬೇಕೋ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು.

ದಪ್ಪ ಗೆಡ್ಡೆ ಕಟ್ಟಬೇಕಾದರೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಈರುಳ್ಳಿಯ ಒಂದೊಂದು ಎಲೆಯ ಬುಡವೇ ಗೆಡ್ಡೆಯ ಒಂದೊಂದು ಪದರ. ಬಿಸಿಲು ಸಾಲದೆ ಎಲೆ ಸೊರಗಿದರೆ ಗೆಡ್ಡೆಯೂ ಸಣ್ಣದೇ. ಸೊಪ್ಪಿಗಾದರೆ ಅಷ್ಟು ಬಿಸಿಲು ಬೇಡ.

ದಕ್ಷಿಣದ ಬಾಲ್ಕನಿಯಲ್ಲಿ ಒಂದು ವಿಷಯ ಗಮನಿಸಿ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಒಳಗೆ ನೇರ ಬಿಸಿಲು ಬೀಳುವುದೇ ಇಲ್ಲ, ಮೇಲೆ ಮಳೆ, ಮೋಡ ಬೇರೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲುತ್ತಾನೆ, ಬಿಸಿಲು ಓರೆಯಾಗಿ ಒಳಗಿನ ಗೋಡೆ ತನಕ ಬರುತ್ತೆ. ಹಾಗಾಗಿ ಮಳೆಗಾಲದಲ್ಲಿ ನಾನು ಸೊಪ್ಪಿಗೆ ಮಾತ್ರ ಹಾಕುವುದು. ಗೆಡ್ಡೆ ಚಳಿಗಾಲಕ್ಕೆ. ನವರಾತ್ರಿ ಶುರುವಾಗುವಾಗ ಬೀಜ ಚೆಲ್ಲಿದರೆ ತುಳಸಿ ಹಬ್ಬದ ಹೊತ್ತಿಗೆ ಸಸಿ ನಾಟಿಗೆ ಬರುತ್ತೆ.

ಬೀಜದ ವಿಷಯದಲ್ಲಿ ಹುಷಾರು. ಆನ್‌ಲೈನಿನಲ್ಲಿ ಚೆಂದದ ಚಿತ್ರ ಹಾಕಿ ಮಾರುವ ಕೆಲವು ವಿದೇಶಿ ತಳಿಗಳಿಗೆ ಗೆಡ್ಡೆ ಕಟ್ಟಲು 14 ಗಂಟೆ ಹಗಲು ಬೇಕು. ನಮ್ಮಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಎಷ್ಟು ಗೊಬ್ಬರ ಹಾಕಿದರೂ ಅವು ಇಲ್ಲಿ ಗೆಡ್ಡೆ ಬಿಡುವುದಿಲ್ಲ. ನಾನು ಹಾಕುವುದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್. ಇದು ಹಿಂಗಾರಿಗೆ ಹೊಂದುವ ತಳಿ. ಸೊಪ್ಪಿಗೆ ಬೀಜವೇ ಬೇಡ. ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಬಂದ ಈರುಳ್ಳಿಯನ್ನು ಬೇರಿನ ಭಾಗ ಕೆಳಗೆ ಮಾಡಿ, ಕುತ್ತಿಗೆ ಹೊರಗೆ ಕಾಣುವಂತೆ ಊರಿದರೆ ಆಯಿತು.

ಈರುಳ್ಳಿ ಬೇರು ಆಳಕ್ಕೆ ಹೋಗುವುದಿಲ್ಲ. ಎಂಟು ಇಂಚು ಮಣ್ಣು ಸಾಕು, ಬಾಯಿ ಅಗಲ ಇರಲಿ. ನನ್ನ ಹತ್ತಿರ ಇರುವುದು ಹಳೇ ಟಬ್ಬು, ಪೇಂಟ್ ಬಕೆಟ್ಟು, ಹಣ್ಣಿನ ಅಂಗಡಿಯ ಥರ್ಮಾಕೋಲ್ ಬಾಕ್ಸು. ತಳಕ್ಕೆ ತೂತು ಮಾಡಲೇಬೇಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಸಮ ಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಇಲ್ಲಿ ಕಾಫಿ ಸಿಪ್ಪೆ ಸುಲಭವಾಗಿ ಸಿಗುತ್ತೆ ನಿಜ, ಆದರೆ ಹಸಿಯಾಗಿ ಹಾಕಬೇಡಿ. ಪೂರ್ತಿ ಕೊಳೆತು ಗೊಬ್ಬರ ಆದ ಮೇಲೇ ಹಾಕಿ. ಗೆಡ್ಡೆಗೆ ಸಸಿಯಿಂದ ಸಸಿಗೆ ನಾಲ್ಕು ಇಂಚು ಬಿಡುತ್ತೇನೆ, ಸೊಪ್ಪಿಗೆ ಒತ್ತೊತ್ತಾಗಿ.

ನೆರಳು ಜಾಸ್ತಿ ಇರುವ ಕಡೆ ಗಿಡ ಹಾಳಾಗುವುದು ಹೆಚ್ಚಾಗಿ ನೀರಿನಿಂದ. ಮಣ್ಣು ಬೇಗ ಆರುವುದಿಲ್ಲ ಅಲ್ವಾ? ಬೆರಳನ್ನು ಎರಡು ಗೆಣ್ಣು ಒಳಗೆ ತೂರಿಸಿ ನೋಡುತ್ತೇನೆ. ಬೆರಳಿಗೆ ಮಣ್ಣು ಮೆತ್ತಿಕೊಂಡರೆ ಅವತ್ತು ನೀರಿಲ್ಲ. ಹಾಕುವಾಗಲೂ ಬುಡಕ್ಕೆ, ಬೆಳಗ್ಗೆ ಹೊತ್ತು. ಎಲೆ ಮೇಲೆ ತೇವ ನಿಂತರೆ ನೇರಳೆ ಮಚ್ಚೆ ರೋಗ ಬರುತ್ತೆ. ಮೊದಲು ಸಣ್ಣ ಬಿಳಿ ಚುಕ್ಕೆ, ಆಮೇಲೆ ಅದರ ನಡುವೆ ನೇರಳೆ ಬಣ್ಣ, ಕೊನೆಗೆ ಎಲೆ ಅಲ್ಲೇ ಮುರಿದು ಬೀಳುತ್ತೆ. ಚುಕ್ಕೆ ಕಂಡ ಎಲೆಯನ್ನು ಕತ್ತರಿಸಿ ದೂರ ಬಿಸಾಡುತ್ತೇನೆ.

ಬೆಳಕು ಒಂದೇ ಕಡೆಯಿಂದ ಬರುವುದರಿಂದ ಎಲೆಗಳೆಲ್ಲ ಕಂಬಿಯ ಕಡೆಗೇ ಬಾಗುತ್ತವೆ. ಎರಡು ಮೂರು ದಿನಕ್ಕೊಮ್ಮೆ ಟಬ್ಬನ್ನು ಅರ್ಧ ಸುತ್ತು ತಿರುಗಿಸಿದರೆ ನೆಟ್ಟಗೆ ನಿಲ್ಲುತ್ತವೆ. ಹಿಂದಿನ ಗೋಡೆಗೆ ಬಿಳಿ ಸುಣ್ಣ ಬಳಿದಿದ್ದೇವೆ. ಅಲ್ಲಿಂದ ಚಿಮ್ಮುವ ಬೆಳಕೂ ಗಿಡಕ್ಕೆ ಲಾಭವೇ.

ಸೊಪ್ಪನ್ನು ಬುಡದಿಂದ ಎರಡು ಇಂಚು ಬಿಟ್ಟು ಕೊಯ್ಯಬೇಕು. ಮತ್ತೆ ಚಿಗುರುತ್ತೆ, ಎರಡು ಮೂರು ಸಲ ಸಿಗುತ್ತೆ. ಮಳೆ ಹಿಡಿದ ಸಂಜೆ ನಮ್ಮತ್ತೆ ಕೈತುಂಬಾ ಕಿತ್ತು ತಂದು ಅಕ್ಕಿ ರೊಟ್ಟಿ ಹಿಟ್ಟಿಗೆ ಹೆಚ್ಚಿ ಹಾಕುತ್ತಾರೆ. ಆ ಘಮ ಪೇಟೆಯಿಂದ ತಂದ ಸೊಪ್ಪಿಗೆ ಖಂಡಿತ ಇಲ್ಲ.

ಚಳಿಗಾಲದ ಗೆಡ್ಡೆ ನಿಂಬೆಹಣ್ಣಿನ ಗಾತ್ರ ಬಂದರೆ ನನಗೆ ತೃಪ್ತಿ. ಸಾಂಬಾರಿಗೆ ಇಡಿಯಾಗಿ ಹಾಕಲು ಅದೇ ಸರಿ. ಅರ್ಧಕ್ಕಿಂತ ಹೆಚ್ಚು ಗಿಡಗಳ ಕುತ್ತಿಗೆ ಮೆತ್ತಗಾಗಿ ಎಲೆ ಮಗುಚಿಕೊಂಡಾಗ ನೀರು ನಿಲ್ಲಿಸುತ್ತೇನೆ. ಕಿತ್ತ ಮೇಲೆ ಎಲೆ ಸಮೇತ ಗಾಳಿಯಾಡುವ ನೆರಳಲ್ಲಿ ಹರಡಿ, ಕುತ್ತಿಗೆ ಪೂರ್ತಿ ಒಣಗಿದ ನಂತರವೇ ಎಲೆ ಕತ್ತರಿಸುವುದು. ಹಸಿ ಇರುವಾಗಲೇ ಕತ್ತರಿಸಿದರೆ ಕೊಳೆ ಅಲ್ಲಿಂದಲೇ ಒಳಗೆ ಇಳಿಯುತ್ತೆ.