ಈ ವಾರ ಯಾರು ಕಾಣಲಿಲ್ಲ? ಸಭೆಯಲ್ಲಿ ಅನ್ಯೋನ್ಯ ಗುಂಪು ಕಟ್ಟಿ ನಡೆಸುವ ಬಗೆ

ಹೊಸ ವರ್ಷದ ಆರಾಧನೆಯ ಹುರುಪಿನಲ್ಲಿ ಆರಂಭವಾಗುವ ಅನ್ಯೋನ್ಯ ಗುಂಪುಗಳು, ಅಂದರೆ ಕೆಲವು ಮನೆಯವರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಕೂಟಗಳು, ನಮ್ಮ ಕರಾವಳಿಯ ಕ್ರೈಸ್ತ ಸಭೆಗಳಲ್ಲಿ ಹೆಚ್ಚಾಗಿ ಆಟಿ ತಿಂಗಳ ಮಳೆಯ ತನಕ ಮಾತ್ರ ಬದುಕುತ್ತವೆ. ಜನವರಿಯಲ್ಲಿ ಇಪ್ಪತ್ತೈದು ಜನ ಸೇರಿದ್ದ ಕೂಟದಲ್ಲಿ ಜುಲೈ ಹೊತ್ತಿಗೆ ಆ ಮನೆಯವರು, ಸಂಚಾಲಕರು ಮತ್ತು ತಪ್ಪಿಸಿಕೊಳ್ಳಲಾಗದ ಒಬ್ಬಿಬ್ಬರು ನೆರೆಯವರು ಉಳಿದಿರುತ್ತಾರೆ. ತಪ್ಪನ್ನು ಮಳೆಯ ತಲೆಗೆ ಕಟ್ಟಲಾಗುತ್ತದೆ. ಮಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹಲವು ವರ್ಷ ಸಂಚಾಲಕನಾಗಿದ್ದ ನನ್ನ ಕಣ್ಣೆದುರಿಗೇ ಮೂರು ಗುಂಪುಗಳು ಮುಚ್ಚಿಹೋಗಿವೆ, ಅವುಗಳಲ್ಲಿ ಒಂದು ನನ್ನದೇ ಆಗಿತ್ತು. ಭಾನುವಾರದ ಆರಾಧನೆ, ಸ್ತ್ರೀಯರ ಕೂಟ, ಯೌವನಸ್ಥರ ಕೂಟ, ಉಪವಾಸ ಪ್ರಾರ್ಥನೆ ಎಲ್ಲವೂ ಇರುವ ಸಭೆಯಲ್ಲಿ ಇನ್ನೊಂದು ಪ್ರಾರ್ಥನಾ ಕೂಟವೆಂದು ಗುಂಪನ್ನು ಕಟ್ಟಿದರೆ ಅದು ಯಾರಿಗೂ ಬೇಡವಾಗುತ್ತದೆ. ಇನ್ನೂರು ಮನೆಗಳಿರುವ ಸಭೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಮಾತು ನಿಂತಿದೆ ಎಂಬುದು ಒಬ್ಬ ಸಭಾಪಾಲಕರಿಗೆ (ಪಾದ್ರಿಗಳಿಗೆ) ತಾನಾಗಿ ತಿಳಿಯುವುದಿಲ್ಲ. ಅದನ್ನು ತಿಳಿಯುವ ಕಿವಿ ಮತ್ತು ಕಾಲುಗಳಾಗಿರುವುದೇ ಗುಂಪಿನ ಕೆಲಸ.

ಈ ತಿಳಿವಳಿಕೆ ಹೊಸದೇನಲ್ಲ. ಹತ್ತು ಜನಕ್ಕೊಬ್ಬ, ಐವತ್ತು ಜನಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸು ಎಂದು ಮೋಶೆಗೆ ಅವನ ಮಾವ ಹೇಳಿದ್ದು ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದಲ್ಲಿ ಏಳು ಮಂದಿಯನ್ನು ಆರಿಸಿದ್ದು, ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಆಹಾರ ಹಂಚುವಾಗ ಅಲಕ್ಷ್ಯವಾಗುತ್ತಿದೆ ಎಂಬ ದೂರು ಬಂದ ಮೇಲೆ. ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟಿತು. ಮಂಗಳೂರಿನಲ್ಲಿ ಹೆಚ್ಚಿನವರ ಬೇರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನದಾದರೂ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪಾಲೂ ನಮಗೆ ಬಂದಿದೆ. ಆ ಪಾಲಿನಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು 1662ರ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಒಂದು ಸಣ್ಣ ಸೂಚನೆ: ಯಾರಾದರೂ ಅಸ್ವಸ್ಥರಾದರೆ ಆ ಸುದ್ದಿಯನ್ನು ಸಭಾಪಾಲಕರಿಗೆ ಮುಟ್ಟಿಸಬೇಕು. ಪ್ರಾರ್ಥನೆಗೆ ಮೊದಲು ಸುದ್ದಿ. ಸಭಾಪಾಲಕರನ್ನು ನಾವು ಅಯ್ಯನವರೆನ್ನುತ್ತೇವೆ. ನಮ್ಮಲ್ಲಿ ‘ಅಯ್ಯನವರು ಒಮ್ಮೆಯೂ ಬರಲಿಲ್ಲ’ ಎಂದು ವರ್ಷಗಟ್ಟಲೆ ಮುನಿಸಿಕೊಂಡ ಮನೆಗಳಲ್ಲಿ ಅರ್ಧದಷ್ಟರಲ್ಲಿ ಅಯ್ಯನವರಿಗೆ ಸುದ್ದಿಯೇ ಹೋಗಿರುವುದಿಲ್ಲ.

ಮೊದಲ ಹೆಜ್ಜೆ ಪಟ್ಟಿ. ವಂತಿಗೆ ಪುಸ್ತಕವನ್ನು ನಕಲು ಮಾಡಿ ಪಟ್ಟಿ ಸಿದ್ಧವಾಯಿತೆಂದು ತಿಳಿಯಬಾರದು, ಏಕೆಂದರೆ ಅದರಲ್ಲಿರುವುದು ವಂತಿಗೆ ಕೊಡುವ ಯಜಮಾನರ ಹೆಸರು. ಮಣಿಪಾಲದಲ್ಲಿ ಓದುತ್ತಿರುವ ಹುಡುಗಿ, ಬಾಡಿಗೆ ಕೋಣೆಯಲ್ಲಿರುವ ನರ್ಸುಗಳು, ಧಾರವಾಡದಿಂದ ಮದುವೆಯಾಗಿ ಬಂದು ತುಳು ಬಾರದೆ ಮೌನವಾಗಿರುವ ಸೊಸೆ, ಮಕ್ಕಳೆಲ್ಲ ಕೊಲ್ಲಿಯಲ್ಲಿರುವುದರಿಂದ ಹೋಮ್ ನರ್ಸ್ ಜೊತೆ ಫ್ಲ್ಯಾಟಿನಲ್ಲಿ ಒಬ್ಬರೇ ಉಳಿದ ಅಜ್ಜ, ಇವರಾರೂ ಅದರಲ್ಲಿ ಇರುವುದಿಲ್ಲ, ಮತ್ತು ಗುಂಪು ಬೇಕಾಗಿರುವುದು ಮುಖ್ಯವಾಗಿ ಇವರಿಗೇ. ಎರಡು ಭಾನುವಾರ ಬಾಗಿಲಲ್ಲಿ ನಿಂತು ಕೇಳಿ ಬರೆದುಕೊಳ್ಳಿರಿ.

ಎರಡನೆಯದು ವಿಂಗಡಣೆ. ಎಂಟರಿಂದ ಹತ್ತು ಮನೆಗೆ ಒಂದು ಗುಂಪು, ಹನ್ನೆರಡು ದಾಟಬಾರದು. ನಕಾಶೆಯನ್ನು ನೋಡಿ ಗೆರೆ ಎಳೆಯುವವರು ಮಂಗಳೂರಿನ ನೆಲವನ್ನು ಮರೆಯುತ್ತಾರೆ: ನಕಾಶೆಯಲ್ಲಿ ಕೂಗಳತೆಯಲ್ಲಿರುವ ಎರಡು ಮನೆಗಳಲ್ಲಿ ಒಂದು ಗುಡ್ಡೆಯ ಮೇಲೆ, ಇನ್ನೊಂದು ಬೈಲಿನಲ್ಲಿ ಇರುತ್ತದೆ, ನಡುವೆ ಪಾಚಿ ಹಿಡಿದ ಅರುವತ್ತು ಮೆಟ್ಟಿಲು. ಎಪ್ಪತ್ತು ದಾಟಿದವರು ಆ ಮೆಟ್ಟಿಲನ್ನು ಮಳೆಗಾಲದ ಸಂಜೆ ಇಳಿಯುವುದಿಲ್ಲ. ಆದ್ದರಿಂದ ಒಂದೇ ಬಸ್ಸಿನ ದಾರಿ, ಒಂದೇ ಏರು ಎಂದು ನೋಡಿ ಸೇರಿಸಿರಿ. ಸಂಬಂಧಿಕರನ್ನೆಲ್ಲ ಒಂದೇ ಗುಂಪಿಗೆ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಸ್ತಿಯ ತಕರಾರು ಬಂದ ದಿನ ಗುಂಪೂ ಪಾಲಾಗುತ್ತದೆ.

ಸಂಚಾಲಕರು ಇಬ್ಬರಿರಲಿ, ಒಬ್ಬ ಸ್ತ್ರೀ ಮತ್ತು ಒಬ್ಬ ಪುರುಷ, ಗಂಡ ಹೆಂಡತಿಯಲ್ಲದವರು. ಚೆನ್ನಾಗಿ ಹಾಡುವವರನ್ನೋ ಉದ್ದ ಪ್ರಾರ್ಥಿಸುವವರನ್ನೋ ಆರಿಸುವುದು ನಮ್ಮ ದೊಡ್ಡ ತಪ್ಪು. ‘ಮೂರನೆಯ ಸಾಲಿನಲ್ಲಿ ಕೂರುವ ಅಮ್ಮ ಎರಡು ವಾರದಿಂದ ಬರಲಿಲ್ಲವಲ್ಲ’ ಎಂದು ತಾನಾಗಿ ಹೇಳುವವರು ಯಾರೋ ಅವರನ್ನು ಹಿಡಿಯಿರಿ. ನೆರೆಯ ಕಥೋಲಿಕ ಚರ್ಚುಗಳಲ್ಲಿ ವಾಡೆಗೊಬ್ಬ (ಕೇರಿಗೊಬ್ಬ) ಗುರ್ಕಾರ ಎಂಬ ಮುಖಂಡರಿದ್ದು ಮನೆ ಮನೆಯ ಸುದ್ದಿ ಅವರ ಬಳಿ ಇರುತ್ತದೆ. ಆ ಏರ್ಪಾಡಿನಿಂದ ಕಲಿಯಲು ನಾಚಿಕೆಪಡಬೇಕಾಗಿಲ್ಲ.

ಕೂಟ ನಡೆಸುವುದು ಸುಲಭ: ಒಂದು ಭಕ್ತಿಗೀತೆ, ಆ ಭಾನುವಾರದ ಬೈಬಲ್ ಪಾಠ, ಸ್ವಲ್ಪ ಮಾತು, ಪ್ರಾರ್ಥನೆ, ಒಟ್ಟು ಒಂದು ಗಂಟೆ. ಕೊನೆಯ ಹತ್ತು ನಿಮಿಷ ಒಂದೇ ಪ್ರಶ್ನೆಗೆ ಮೀಸಲು: ಈ ವಾರ ಯಾರು ಕಾಣಲಿಲ್ಲ? ಹೊರದೇಶದ ಪಾಠದ ಪುಸ್ತಿಕೆಗಳನ್ನು ಯಾರೋ ಅವಸರದಲ್ಲಿ ಕನ್ನಡಕ್ಕೆ ಇಳಿಸಿ ಮಾರುತ್ತಾರೆ, ಅವುಗಳನ್ನು ಕೊಳ್ಳಬೇಡಿರಿ. ಹಿಮದ ಮೇಲೆ ಜಾರುವ ಮಕ್ಕಳ ದೃಷ್ಟಾಂತ ಜೆಪ್ಪುವಿನ ಜಗಲಿಯಲ್ಲಿ ಯಾರಿಗೂ ಹತ್ತುವುದಿಲ್ಲ. ಹನ್ನೆರಡು ಜನರಿರುವ ಚಾವಡಿಗೆ ಮೈಕು, ಸ್ಪೀಕರೂ ಬೇಡ. ತಿಂಡಿಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ: ಚಹಾ ಮತ್ತು ಬಿಸ್ಕತ್ತು, ಅದಕ್ಕಿಂತ ಹೆಚ್ಚಿಲ್ಲ. ನನ್ನ ಗುಂಪು ಸತ್ತದ್ದು ಇದರಿಂದಲೇ. ಮೊದಲ ಮನೆಯಲ್ಲಿ ಚಹಾ, ಎರಡನೆಯದರಲ್ಲಿ ಗೋಳಿಬಜೆ, ನಾಲ್ಕನೆಯದರಲ್ಲಿ ಬನ್ಸ್ ಮತ್ತು ಸೇಮಿಗೆ ಪಾಯಸ, ಆರನೆಯ ಮನೆಯಲ್ಲಿ ಕೋರಿ ರೊಟ್ಟಿ. ಏಳನೆಯ ಮನೆಯ ಯಜಮಾನರು ಕೂಲಿಯ ಮೇಲೆ ಪೈಂಟಿಂಗ್ ಕೆಲಸ ಮಾಡುತ್ತಿದ್ದವರು. ತಮ್ಮ ಸರದಿಯ ವಾರ ‘ಮನೆಯಲ್ಲಿ ಜ್ವರ’ ಎಂದರು, ಮುಂದಿನ ತಿಂಗಳೂ ಜ್ವರವೆಂದರು, ಆಮೇಲೆ ಆರಾಧನೆಗೂ ಬರುವುದನ್ನು ಬಿಟ್ಟರು.

ಇನ್ನು ಎಲ್ಲರೂ ಎಡವುವ ಹೆಜ್ಜೆಗೆ ಬರೋಣ. ಅಸ್ವಸ್ಥರ ಭೇಟಿಯನ್ನು ನಾವು ಮಾಡುವ ಕ್ರಮ ಹೇಗಿದೆಯೆಂದರೆ, ಆರಾಧನೆ ಮುಗಿದ ಕೂಡಲೇ ಎಂಟು ಹತ್ತು ಜನ ಎರಡು ಕಾರುಗಳಲ್ಲಿ ಹೊರಟು, ಹೇಳದೆ ಕೇಳದೆ ಬಾಗಿಲು ತಟ್ಟಿ, ಮಂಚದ ಸುತ್ತ ನಿಂತು ಹಾಡಿ, ರೋಗಿಯ ಗ್ರಹಚಾರ ಬಿಡಿಸಿ ಬರುತ್ತೇವೆ. ಮನೆಯವರು ಅಡಿಗೆಗೆ ಇಟ್ಟ ಬೆಂಕಿ ಆರಿಸಿ ನಮಗೆ ಶರಬತ್ತು ಮಾಡಬೇಕು. ಇದು ಬೇಡ. ಹಿಂದಿನ ದಿನ ಫೋನ್ ಮಾಡಿ, ಯಾವ ಹೊತ್ತು ಅನುಕೂಲವೆಂದು ಕೇಳಿರಿ, ‘ಈಗ ಬೇಡ’ ಎಂದರೆ ಬೇಸರಿಸದೆ ಇನ್ನೊಂದು ದಿನ ಕೇಳಿರಿ. ಹೋಗುವವರು ಇಬ್ಬರೇ. ನೆಗಡಿಯಿದ್ದರೆ ಹೋಗಲೇಬಾರದು, ಇಲ್ಲದಿದ್ದರೂ ಒಳಗೆ ಹೋಗುವ ಮೊದಲು ಕೈ ತೊಳೆಯಿರಿ.

ಒಳಗೆ ಹೋದ ಮೇಲೆ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದು, ಮಲಗಿದವರ ಕಣ್ಣಿನ ಮಟ್ಟಕ್ಕೆ ನಿಮ್ಮ ಮುಖ ಬರುವಂತೆ ಕುಳಿತುಕೊಳ್ಳಿರಿ. ಮಂಚದ ಅಂಚಿನಲ್ಲಿ ಕೂರಬಾರದು, ಹಾಸಿಗೆ ಕುಸಿದರೆ ನೋವಿರುವವರಿಗೆ ಅದು ದೊಡ್ಡ ಹಿಂಸೆ. ನಿಮ್ಮ ಹೆಸರು ನೀವೇ ಹೇಳಿರಿ. ‘ನಾನು ಯಾರೆಂದು ಹೇಳಿ ನೋಡುವ’ ಎಂದು ನೆನಪು ಮಾಸಿದ ಅಜ್ಜಿಯನ್ನು ಪರೀಕ್ಷೆಗೆ ಕೂರಿಸುವವರನ್ನು ನಾನು ಹಲವು ಸಲ ಕಂಡಿದ್ದೇನೆ, ಕಂಡಾಗಲೆಲ್ಲ ಅವರನ್ನು ಹೊರಗೆ ಕರೆದೊಯ್ಯಬೇಕೆನ್ನಿಸಿದೆ. ರೋಗದ ಹೆಸರು ಕೇಳಬೇಡಿರಿ, ಅವರು ಹೇಳಿದರೆ ಕೇಳಿಸಿಕೊಳ್ಳಿರಿ. ಇದೇ ಕಾಯಿಲೆಯಲ್ಲಿ ನಿಮ್ಮ ಭಾವ ಹೇಗೆ ತೀರಿಕೊಂಡರೆಂಬ ಕಥೆ, ಇನ್ನೊಂದು ಆಸ್ಪತ್ರೆಯ ಹೆಸರು, ಅಮೃತಬಳ್ಳಿಯ ಕಷಾಯ, ಇವು ಮೂರೂ ನಿಷಿದ್ಧ. ‘ದೇವರು ಪರೀಕ್ಷಿಸುತ್ತಿದ್ದಾನೆ’ ಎಂಬ ಮಾತು ಆರೋಗ್ಯವಂತರ ಬಾಯಿಯಿಂದ ಸಲೀಸಾಗಿ ಬರುತ್ತದೆ, ಅದನ್ನೂ ಈ ನಿಷೇಧಕ್ಕೆ ಸೇರಿಸಿಕೊಳ್ಳಿರಿ.

ಭಾಷೆಯ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ದೇವಾಲಯದ ಭಾಷೆ ಕನ್ನಡ, ಅನೇಕ ಮನೆಗಳ ಭಾಷೆ ತುಳು. ಬಾಸೆಲ್ ಮಿಶನ್ನಿನವರು 1847ರಲ್ಲೇ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದವರು. ಆದರೂ ನಾವು ರೋಗಿಯ ಮಂಚದ ಬಳಿ ‘ಪರಲೋಕದಲ್ಲಿರುವ ಕರುಣಾಮಯನಾದ’ ಎಂದು ಪುಸ್ತಕದ ಕನ್ನಡದಲ್ಲೇ ಆರಂಭಿಸುತ್ತೇವೆ. ಒಮ್ಮೆ ಪಾರ್ಶ್ವವಾಯು ಬಡಿದು ತಿಂಗಳಿನಿಂದ ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದ ಒಬ್ಬ ದೊಡ್ಡಮ್ಮನನ್ನು ನೋಡಲು ಹೋಗಿದ್ದೆವು. ನನ್ನ ಕನ್ನಡಕ್ಕೆ ಅವರ ರೆಪ್ಪೆಯೂ ಅಲುಗಲಿಲ್ಲ. ಜೊತೆಗೆ ಬಂದಿದ್ದ ಸ್ತ್ರೀ ಸಂಚಾಲಕರು ತಗ್ಗಿದ ದನಿಯಲ್ಲಿ ‘ದೊಡ್ಡಮ್ಮ, ಎಂಚ ಉಲ್ಲರ್?’ (ಹೇಗಿದ್ದೀರಿ?) ಎಂದು ತುಳುವಿನಲ್ಲಿ ಕೇಳಿದರು. ಮುಖ ಮೆಲ್ಲಗೆ ಇತ್ತ ತಿರುಗಿತು. ಸರಿಯಾಗಿದ್ದ ಎಡಗೈ ಹೊದಿಕೆಯಿಂದ ಹೊರಬಂದು ಕುರ್ಚಿಯನ್ನು ತೋರಿಸಿತು, ತೊದಲುವ ಬಾಯಿಂದ ‘ಕುಲ್ಲುಲೆ’ ಎಂಬ ಒಂದು ಮಾತು ಬಂತು. ಬಂದವರಿಗೆ ಕುಳಿತುಕೊಳ್ಳಿ ಎನ್ನುವ ಮನೆಯೊಡತಿಯ ಅಧಿಕಾರ ಅವರಿಗೆ ತಿಂಗಳ ನಂತರ ಮರಳಿ ಸಿಕ್ಕಿತ್ತು. ಅಂದಿನಿಂದ ಯಾವ ಮನೆಗೆ ಯಾವ ಭಾಷೆ ಎಂಬುದನ್ನೂ ನನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತೇನೆ.

ಪ್ರಾರ್ಥಿಸಬಹುದೇ ಎಂದು ಕೇಳಿ, ಒಪ್ಪಿದರೆ ಪ್ರಾರ್ಥಿಸಿರಿ. ಎರಡು ನಿಮಿಷ ಸಾಕು. ರೋಗಿಗೆ ಬಾಯಿಪಾಠವಿರುವ 23ನೆಯ ಕೀರ್ತನೆಯನ್ನೋ ಕರ್ತನ ಪ್ರಾರ್ಥನೆಯನ್ನೋ ನಿಧಾನವಾಗಿ ಹೇಳಿದರೆ ಅವರ ತುಟಿಯೂ ಕೂಡಿಕೊಳ್ಳುತ್ತದೆ. ನಿಮ್ಮ ಸ್ವಂತ ಪ್ರಾರ್ಥನೆ ಎಷ್ಟೇ ಸೊಗಸಾಗಿದ್ದರೂ ಅವರು ಕೇಳುಗರಾಗಿಯೇ ಉಳಿಯುತ್ತಾರೆ. ಹದಿನೈದು ನಿಮಿಷದೊಳಗೆ ಎದ್ದುಬಿಡಿರಿ. ಆಸ್ಪತ್ರೆಯಾದರೆ ಇನ್ನೂ ಬೇಗ, ಮತ್ತು ಅಲ್ಲಿ ನಿಮ್ಮ ಕಣ್ಣು ರೋಗಿಗಿಂತ ಹೆಚ್ಚಾಗಿ ಕಾರಿಡಾರಿನಲ್ಲಿ ಕುಳಿತವರ ಮೇಲಿರಲಿ. ಮಂಗಳೂರಿನಿಂದ ಮಣಿಪಾಲಕ್ಕೆ ಅರುವತ್ತು ಕಿಲೋಮೀಟರಿಗಿಂತ ಹೆಚ್ಚು ದಾರಿ. ಅಲ್ಲಿ ವಾರವಿಡೀ ಬೆಂಚಿನ ಮೇಲೆ ರಾತ್ರಿ ಕಳೆಯುವ ಮಗನಿಗೆ ಒಂದು ಬುತ್ತಿ ಗಂಜಿ ಚಟ್ನಿ, ಒಂದು ರಾತ್ರಿಯ ಬಿಡುವು, ಮನೆಯಲ್ಲಿ ಕಟ್ಟಿಹಾಕಿ ಬಂದ ನಾಯಿಗೆ ಅನ್ನ ಹಾಕುವವರು ಬೇಕು. ಇದನ್ನು ಗುಂಪು ಸರದಿಯ ಮೇಲೆ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ.

ಕರ್ತನ ಭೋಜನವನ್ನು (ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರವನ್ನು) ಮನೆಗೆ ತರುವುದು ಸಭಾಪಾಲಕರ ಕೆಲಸ. ದಿನ ಗೊತ್ತುಮಾಡಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಮನೆಯವರ ಜೊತೆ ನೀವೂ ಕುಳಿತುಕೊಳ್ಳುವುದು ನಿಮ್ಮದು. 1662ರ ಪುಸ್ತಕದ ಪ್ರಕಾರ ರೋಗಿಯ ಜೊತೆ ಭಾಗಿಗಳಾಗಲು ಮೂವರು, ಕನಿಷ್ಠ ಇಬ್ಬರಾದರೂ ಇರಬೇಕು. ನುಂಗಲಾರದ ಸ್ಥಿತಿಯಲ್ಲಿ ಇರುವವರು ಪಶ್ಚಾತ್ತಾಪ ಮತ್ತು ವಿಶ್ವಾಸ ಉಳ್ಳವರಾಗಿದ್ದರೆ, ಬಾಯಿಯಿಂದ ಸ್ವೀಕರಿಸದೆಯೂ ಸ್ವೀಕರಿಸಿದಂತೆಯೇ ಎಂದು ಅದೇ ಪುಸ್ತಕ ಹೇಳುತ್ತದೆ, ಆದ್ದರಿಂದ ಒತ್ತಾಯ ಮಾಡಿ ತಿನ್ನಿಸಲು ಹೋಗಬಾರದು. ಉಯಿಲು ಬರೆದಿರದಿದ್ದರೆ ಬರೆಯುವಂತೆ ರೋಗಿಗೆ ಸಭಾಪಾಲಕರು ಹೇಳಬೇಕೆಂದೂ ಆ ಪುಸ್ತಕದಲ್ಲಿದೆ. ಸಂಚಾಲಕರು ಮಾತ್ರ ಆಸ್ತಿಯ ಮಾತಿಗೆ ಬಾಯಿ ತೆರೆಯಬಾರದು.

ಭೇಟಿ ಮುಗಿದ ಮೇಲೆ ಬರುವುದು ಇನ್ನೂ ಸೂಕ್ಷ್ಮವಾದ ಘಟ್ಟ: ಹೊರಗೆ ಏನು ಹೇಳುವುದು? ಇಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ಒಬ್ಬ ಯುವತಿಯ ಕಾಯಿಲೆಯ ಹೆಸರನ್ನು ಗುಂಪಿನ ಪ್ರಾರ್ಥನೆಯಲ್ಲಿ ನಾನು ಒಳ್ಳೆಯ ಮನಸ್ಸಿನಿಂದಲೇ ಉಚ್ಚರಿಸಿದೆ. ಆಕೆ ಅದನ್ನು ತನ್ನ ಅತ್ತೆಗೆ ಇನ್ನೂ ಹೇಳಿರಲಿಲ್ಲ; ‘ಆಮೆನ್’ ಎಂದವರಲ್ಲಿ ಅತ್ತೆಯ ತಂಗಿಯೂ ಇದ್ದರು. ಪ್ರಾರ್ಥನೆಯ ವೇಷ ಹಾಕಿಕೊಂಡು ಬರುವ ಚಾಡಿಯನ್ನು ತಡೆಯುವುದು ಕಷ್ಟ, ಆದ್ದರಿಂದ ಹೊರಡುವ ಮೊದಲು ‘ಇದರಲ್ಲಿ ಎಷ್ಟನ್ನು ಗುಂಪಿಗೆ ಹೇಳಬಹುದು?’ ಎಂದು ರೋಗಿಯನ್ನೇ ಕೇಳಿ, ಅವರು ಹೇಳಿದಷ್ಟೇ ಮಾತು ಹೊರಗೆ ತನ್ನಿರಿ. ಏನೂ ಬೇಡವೆಂದರೆ ಹೆಸರು ಮಾತ್ರ. ವಾಟ್ಸ್ಆ್ಯಪ್ ಗುಂಪು ಕೂಟದ ಸಮಯ ಮತ್ತು ಮನೆ ತಿಳಿಸಲು ಮಾತ್ರ. ಅದರಲ್ಲಿ ರೋಗಿಯ ಮಂಚದ ಬಳಿ ನಿಂತು ತೆಗೆದ ಫೋಟೋ ಹಾಕುವ ಸಂಚಾಲಕರನ್ನು ಬದಲಾಯಿಸುವುದೇ ಒಳ್ಳೆಯದು.

ಗುಟ್ಟು ಕಾಯುವ ಈ ನಿಯಮಕ್ಕೆ ಒಂದು ಕಡೆ ಜಾಗವಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಶಂಕೆ ಇದ್ದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮಾನ, ಮನೆತನದ ಮಾನ ಎಂದು ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿಸುವ ಅಧಿಕಾರ ಗುಂಪಿಗೂ ಇಲ್ಲ, ಸಭಾಪಾಲಕರಿಗೂ ಇಲ್ಲ. ಸಿಎಸ್‌ಐ ಸದಸ್ಯತ್ವ ಹೊಂದಿರುವ ಆಂಗ್ಲಿಕನ್ ಐಕ್ಯಮಂಡಲವೂ (ಜಗತ್ತಿನ ಆಂಗ್ಲಿಕನ್ ಸಭೆಗಳ ಒಕ್ಕೂಟ) ಸಭೆಯೊಳಗಿನ ಜನರ ಸುರಕ್ಷತೆಗಾಗಿ ಅದೇ 2012ರಲ್ಲಿ ಒಂದು ಸನ್ನದನ್ನು ಅಂಗೀಕರಿಸಿದೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181. ಎರಡನ್ನೂ ಪಟ್ಟಿಯ ಮೊದಲ ಪುಟದಲ್ಲಿ ಬರೆದಿಡಿರಿ. ಒಂಟಿ ಹೆಂಗಸರಿರುವ ಮನೆಗೆ, ಮಕ್ಕಳು ಮಾತ್ರ ಇರುವ ಮನೆಗೆ ಯಾರೂ ಒಬ್ಬರೇ ಹೋಗಬಾರದೆಂಬುದೂ ಇದರ ಜೊತೆಗಿನ ನಿಯಮ.

ಸಾವಿನ ಮನೆಯ ಬಗ್ಗೆ ಹೆಚ್ಚು ಕಲಿಸಬೇಕಾಗಿಲ್ಲ. ಮೊದಲ ವಾರ ನಮ್ಮ ಜನ ತಾವಾಗಿ ನಿಂತು ಎಲ್ಲ ಮಾಡುತ್ತಾರೆ. ಮೂರನೆಯ ತಿಂಗಳು ಯಾರೂ ಇರುವುದಿಲ್ಲ. ಪಿಂಚಣಿ ಕಚೇರಿಗೆ ಮರಣ ಪ್ರಮಾಣಪತ್ರ ಹಿಡಿದು ಅಲೆಯುವುದು, ಗಂಡನೇ ನೋಡಿಕೊಳ್ಳುತ್ತಿದ್ದ ಬ್ಯಾಂಕಿನ ಕೆಲಸ, ಮೊದಲ ಕ್ರಿಸ್ಮಸ್ಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವುದೋ ಬಿಡುವುದೋ ಎಂಬ ಸಂಕಟ, ಎಲ್ಲವೂ ಆ ಬಳಿಕವೇ. ಮರಣದ ದಿನವನ್ನು ಡೈರಿಯಲ್ಲಿ ಬರೆದು, ತೊಂಬತ್ತು ದಿನ ಎಣಿಸಿ, ಆ ಪುಟದಲ್ಲಿ ಮನೆಯ ಹೆಸರು ಗುರುತು ಹಾಕಿರಿ.

ಲೆಕ್ಕ ಇಡಲು ಮೊಬೈಲಿನ ಯಾವ ಆ್ಯಪೂ ಬೇಡ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮನೆ, ಭಾಷೆ, ಹೋದ ದಿನ, ಮತ್ತೆ ಹೋಗಬೇಕಾದ ದಿನ, ಇಷ್ಟೇ ಅಂಕಣ. ಕಾಯಿಲೆಯ ಹೆಸರಿಗೆ ಅಂಕಣ ಇರಬಾರದು. ಸಭಾಪಾಲಕರಿಗೆ ವರ್ಗವಾದರೆ, ಹೊಸಬರು ಬಂದ ಮೊದಲ ವಾರವೇ ಆ ನೋಟ್‌ಬುಕ್ ಹಿಡಿದು ಅವರೊಂದಿಗೆ ನೀವೂ ಹೊರಡಿರಿ, ದೇವಾಲಯಕ್ಕೆ ಬರಲಾಗದವರ ಮನೆಗಳಿಂದಲೇ ಆರಂಭಿಸಿ.